ಗೂಗಲ್‌ನ 15 ಜಿಬಿ: ಫೋಟೊ ತುಂಬಿದರೆ ಮೇಲ್ ಯಾಕೆ ನಿಲ್ಲಬೇಕು?

ಬರೀ ಅಂಕಿ ನೋಡಿದರೆ ಗೂಗಲ್ ಖಾತೆಯ ಉಚಿತ ಜಾಗ ಧಾರಾಳವೇ. ಐಕ್ಲೌಡ್ ಬಿಟ್ಟಿ ಕೊಡುವುದು 5 ಜಿಬಿ, ಡ್ರಾಪ್‌ಬಾಕ್ಸ್ 2 ಜಿಬಿ. ಆದರೂ "ಸ್ಟೋರೇಜ್ ಫುಲ್" ಎಂದು ಬಂದಾಗ ಮೈ ಉರಿಯುವುದು ಗೂಗಲ್ ಬಳಸುವವರಿಗೇ ಹೆಚ್ಚು. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಇರುವುದು ಅದೇ 15 ಜಿಬಿ. ಫೋನಿನ ವಿಡಿಯೊಗಳು ಅದನ್ನು ತುಂಬಿಸಿದರೆ ಮೇಲ್ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಕಳಿಸಿದವರಿಗೇ ವಾಪಸ್ ಹೋಗುತ್ತದೆ. ಈ ಸೇವೆಯ ದೊಡ್ಡ ದೋಷ ಇದೇ. ಮೇಲ್‌ಗೆಂದು ಒಂದೇ ಒಂದು ಜಿಬಿ ಮೀಸಲಿಟ್ಟಿದ್ದರೂ ಅರ್ಧ ಬೈಗುಳ ತಪ್ಪುತ್ತಿತ್ತು.

2021ರ ಜೂನ್ 1ಕ್ಕೆ ಮುಂಚೆ "ಹೈ ಕ್ವಾಲಿಟಿ"ಯಲ್ಲಿ, ಅಂದರೆ ಸ್ವಲ್ಪ ಕುಗ್ಗಿಸಿ, ಏರಿಸಿದ ಫೋಟೊಗಳು ಲೆಕ್ಕಕ್ಕೆ ಬರುವುದಿಲ್ಲ. ಆಮೇಲಿನವು ಬರುತ್ತವೆ. ಹಾಗಾಗಿ ಜಾಗಕ್ಕಾಗಿ ಹತ್ತು ವರ್ಷದ ಹಿಂದಿನ ಆಲ್ಬಮ್ ಅಳಿಸುತ್ತಾ ಕೂತರೆ ನೆನಪು ಹೋದೀತು, ಜಾಗ ಸಿಗಲಿಕ್ಕಿಲ್ಲ. ಆಂಡ್ರಾಯ್ಡ್ ಫೋನಿನ ವಾಟ್ಸ್‌ಆ್ಯಪ್ ಬ್ಯಾಕಪ್ ಕೂಡ ಈಗ ಇದೇ ಲೆಕ್ಕಕ್ಕೆ ಸೇರುತ್ತದೆ. ಚಾಟ್ ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ವಿಡಿಯೊ ಸೇರಿಸುವ ಆಯ್ಕೆಯನ್ನು ಆಫ್ ಮಾಡಿದರೆ ಅದರ ಭಾರ ಇಳಿಯುತ್ತದೆ.

ಖಾಲಿ ಮಾಡುವ ಕೆಲಸ ಫೋನಿಗಿಂತ ಕಂಪ್ಯೂಟರ್‌ನಲ್ಲಿ ಸುಲಭ. ಡ್ರೈವ್ ತೆರೆದು ಎಡಗಡೆಯ "ಸ್ಟೋರೇಜ್" ಒತ್ತಿದರೆ ದೊಡ್ಡ ಫೈಲ್‌ಗಳು ಮೇಲಿನಿಂದ ಸಾಲಾಗಿ ಕಾಣುತ್ತವೆ. ಬೇರೆಯವರು ಹಂಚಿಕೊಂಡ ಫೈಲ್ ತೆಗೆದು ಪ್ರಯೋಜನವಿಲ್ಲ, ಅದರ ಗಾತ್ರ ಬೀಳುವುದು ಮಾಲೀಕರ ಖಾತೆಗೆ. ಡ್ರೈವ್ ಸೆಟ್ಟಿಂಗ್ಸ್‌ನ "ಮ್ಯಾನೇಜ್ ಆ್ಯಪ್ಸ್"ನಲ್ಲಿ ಆ್ಯಪ್‌ಗಳು ಅಡಗಿಸಿಟ್ಟ ಡೇಟಾ ಇರುತ್ತದೆ, ಅದನ್ನೂ ಒಮ್ಮೆ ನೋಡಿ. ಜಿಮೇಲ್‌ನಲ್ಲಿ ಹುಡುಕುವ ಪೆಟ್ಟಿಗೆಯ ಬಲತುದಿಯ ಗುರುತು ಒತ್ತಿ, ಗಾತ್ರದ ಜಾಗದಲ್ಲಿ 10 ಎಂಬಿಗಿಂತ ಹೆಚ್ಚು ಎಂದು ಕೊಡಿ. ಮೇಲ್‌ನಲ್ಲಿ ಹೋಗುವ ಫೈಲ್ ಅಕ್ಷರರೂಪಕ್ಕೆ ಬದಲಾಗುವುದರಿಂದ ಮೂಲಕ್ಕಿಂತ ಸುಮಾರು ಮೂರನೇ ಒಂದು ಭಾಗ ಊದಿಕೊಳ್ಳುತ್ತದೆ. ಅದೇ ಲಗತ್ತನ್ನು ನಾಲ್ಕು ಸಲ ಫಾರ್ವರ್ಡ್ ಮಾಡಿದ್ದರೆ ಪ್ರತಿ ಮೇಲ್‌ನದೂ ಬೇರೆ ಲೆಕ್ಕ.

ಅಳಿಸಿದ ಮೇಲೂ ಅಂಕಿ ಇಳಿಯಲಿಲ್ಲವೇ? ಕಸದ ಬುಟ್ಟಿ ನೋಡಿ. ಜಿಮೇಲ್, ಡ್ರೈವ್‌ಗಳ ಬುಟ್ಟಿಯಲ್ಲಿ 30 ದಿನ, ಬ್ಯಾಕಪ್ ಆದ ಫೋಟೊಗಳು 60 ದಿನ ಉಳಿಯುತ್ತವೆ. ಬುಟ್ಟಿಯನ್ನೂ ಕೈಯಾರೆ ಖಾಲಿ ಮಾಡಬೇಕು.

ಹೆಚ್ಚು ಜನ ಎಡವುವುದು ಫೋಟೋಸ್ ಆ್ಯಪ್‌ನಲ್ಲಿ. "ಫ್ರೀ ಅಪ್ ಸ್ಪೇಸ್" ಫೋನಿನ ಪ್ರತಿಯನ್ನು ಮಾತ್ರ ತೆಗೆಯುತ್ತದೆ, ಗೂಗಲ್ ಖಾತೆಯಲ್ಲಿ ಒಂದು ಎಂಬಿ ಜಾಗವೂ ಖಾಲಿಯಾಗುವುದಿಲ್ಲ. ಅದೇ ಆ್ಯಪ್‌ನಲ್ಲಿ ಮಾಮೂಲಿಯಾಗಿ ಡಿಲೀಟ್ ಒತ್ತಿದರೆ ಬ್ಯಾಕಪ್ ಆದ ಚಿತ್ರ ಎರಡೂ ಕಡೆ ಮಾಯ. ಈ ವ್ಯತ್ಯಾಸವನ್ನು ಆ್ಯಪ್ ಇನ್ನೂ ಜೋರಾಗಿ ಹೇಳಬೇಕಿತ್ತು. ಅಳಿಸಲು ಮನಸ್ಸಿಲ್ಲದಿದ್ದರೆ ಬ್ರೌಸರ್‌ನಲ್ಲಿ ಫೋಟೋಸ್ ಸೆಟ್ಟಿಂಗ್ಸ್‌ಗೆ ಹೋಗಿ, ಮೂಲ ಗುಣಮಟ್ಟದ ಚಿತ್ರಗಳನ್ನು "ಸ್ಟೋರೇಜ್ ಸೇವರ್"ಗೆ ಇಳಿಸಬಹುದು. 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಫೋಟೊ ಅಷ್ಟಕ್ಕೆ ಕುಗ್ಗುತ್ತದೆ, ವಿಡಿಯೊ 1080ಪಿಗೆ. ಪರದೆ ಮೇಲೆ ನೋಡಲು ಧಾರಾಳ ಸಾಕು. ಆದರೆ ಇದನ್ನು ಹಿಂತಿರುಗಿಸಲು ಬರುವುದಿಲ್ಲ.

ಮೂಲಪ್ರತಿ ಬೇಕೆನ್ನುವವರು ಮೊದಲು ಖಾತೆಯ ಡೇಟಾ ಇಳಿಸಿಕೊಳ್ಳಲೆಂದೇ ಇರುವ ಗೂಗಲ್‌ನ ಟೇಕ್‌ಔಟ್ ಸೇವೆಯಿಂದ ಇಳಿಸಿಕೊಳ್ಳಲಿ. 50 ಜಿಬಿಯ ಒಂದೇ ಜಿಪ್ ಆರಿಸಿಕೊಂಡು ಡೌನ್‌ಲೋಡ್ ನಡುವೆ ನಿಂತರೆ ಪಡಿಪಾಟಲು. 2 ಅಥವಾ 4 ಜಿಬಿಯ ತುಂಡುಗಳೇ ವಾಸಿ. ಲಿಂಕ್ ಸುಮಾರು ಒಂದು ವಾರದಲ್ಲಿ ಸಾಯುತ್ತದೆ. ಫೋಟೊಗಳ ಜೊತೆ ಬರುವ, .json ಎಂದು ಮುಗಿಯುವ ಜೇಸನ್ ಫೈಲ್‌ಗಳನ್ನು ಕಸವೆಂದು ಎಸೆಯಬೇಡಿ, ಆ್ಯಪ್‌ನಲ್ಲಿ ತಿದ್ದಿದ ದಿನಾಂಕ, ಬರೆದ ವಿವರಣೆ ಅದರಲ್ಲಿರುತ್ತವೆ. ಎಲ್ಲ ಜಿಪ್‌ಗಳನ್ನೂ ಬಿಚ್ಚಿ, ಕೆಲವು ವಿಡಿಯೊ ಓಡಿಸಿ ನೋಡಿದ ಮೇಲೆಯೇ ಖಾತೆಯಲ್ಲಿ ಅಳಿಸಿ. ಮಿತಿ ಮೀರಿದ ಖಾತೆಯನ್ನು ಎರಡು ವರ್ಷ ಹಾಗೇ ಬಿಟ್ಟರೆ ಒಳಗಿರುವುದನ್ನೆಲ್ಲ ಗೂಗಲ್ ತಾನೇ ಅಳಿಸಬಹುದು ಎಂದು ನಿಯಮದಲ್ಲೇ ಇದೆ.