ಪಿಕಪ್ ಭರ್ಜರಿ, ಬ್ಯಾಟರಿ ಖಾಲಿ: ಮಾರಾಟಕ್ಕಿಟ್ಟ ನನ್ನ ಟರ್ಬೊ ಹ್ಯಾಚ್‌ಬ್ಯಾಕ್

ನನ್ನ ಕಾರಿನ ಗಡಿಯಾರ ಸರಿಯಾದ ಟೈಮ್ ತೋರಿಸುವುದೇ ಇಲ್ಲ. ಪ್ರತಿ ರಾತ್ರಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಡುತ್ತೇನೆ, ಅದಕ್ಕೆ. ಬಿಚ್ಚದೆ ಎರಡು ದಿನ ನಿಲ್ಲಿಸಿದರೆ, ಸೆಲ್ಫ್ ಹೊಡೆದಾಗ ಟಕ್ ಟಕ್ ಅನ್ನುತ್ತದೆ ಅಷ್ಟೇ.

ಸಣ್ಣ ಪೆಟ್ರೋಲ್ ಇಂಜಿನ್, ಅದಕ್ಕೆ ಗಾಳಿ ಒತ್ತಿ ತುಂಬುವ ಟರ್ಬೊ, ಮ್ಯಾನುಯಲ್ ಗೇರ್, ಬಿಎಸ್-4 (ಹಳೇ ಹೊಗೆ ನಿಯಮದ ಗಾಡಿ). ಉಳಿದ ಸ್ಪೆಕ್ ಎಲ್ಲ ಇಂಥ ಗಾಡಿ ಹುಡುಕುವವರಿಗೆ ಬಾಯಿಪಾಠ ಇರುತ್ತದೆ, ನಾನು ಬರೆಯುವುದಿಲ್ಲ. ಕಂಪನಿ ಹೆಸರನ್ನೂ ಬರೆಯುವುದಿಲ್ಲ. ಇದೇ ಮಾಡೆಲ್ ಇಟ್ಟುಕೊಂಡು ಆರಾಮಾಗಿ ಓಡಿಸುತ್ತಿರುವವರು ಇದ್ದಾರೆ. ನನ್ನದು ಸೆಕೆಂಡ್ ಹ್ಯಾಂಡ್. ಮೊದಲ ಮಾಲೀಕರು ಆಂಪ್ಲಿಫೈಯರ್, ಹೆಚ್ಚುವರಿ ಲೈಟ್ ಅಂತ ಸಿಕ್ಕಸಿಕ್ಕ ವೈರನ್ನು ಸೀಳಿ ಟೇಪ್ ಸುತ್ತಿಸಿದ್ದಾರೆ. ಇದರಲ್ಲಿ ಅವರ ಪಾಲೆಷ್ಟು, ಫ್ಯಾಕ್ಟರಿ ಪಾಲೆಷ್ಟು ಅಂತ ಯಾವ ಮೆಕ್ಯಾನಿಕ್ಕೂ ಹೇಳಿಲ್ಲ.

ರಾತ್ರಿಯ ಕಾರ್ಯಕ್ರಮ ಹೀಗಿರುತ್ತದೆ. ಮನೆ ಮುಂದೆ ಬಂದ ಮೇಲೆ ಒಂದು ನಿಮಿಷ ಇಂಜಿನ್ ಹಾಗೇ ಬಿಡುತ್ತೇನೆ, ಬಿಸಿಯಾದ ಟರ್ಬೊ ಸ್ವಲ್ಪ ತಣ್ಣಗಾಗಲಿ ಅಂತ. ಅಷ್ಟರಲ್ಲಿ ನಾಲ್ಕೂ ಗ್ಲಾಸ್ ಏರಿಸಬೇಕು. ಮರೆತರೆ ಮತ್ತೆ ಎಲ್ಲ ಜೋಡಿಸಬೇಕಾಗುತ್ತದೆ. ಆಮೇಲೆ ಬಾನೆಟ್ ಎಳೆದು, ಡೋರ್ ಲಾಕ್ ಮಾಡಿ, ಜೇಬಿನಿಂದ ಹತ್ತು ನಂಬರ್ ಸ್ಪ್ಯಾನರ್ ತೆಗೆಯುತ್ತೇನೆ. ನಟ್ಟು ಅರ್ಧ ಸುತ್ತು ಸಡಿಲ ಮಾಡಿದರೆ ಸಾಕು, ಕ್ಲಾಂಪ್ ಮೇಲಕ್ಕೆ ಬರುತ್ತದೆ. ವೈರು ಗಟ್ಟಿ, ಸ್ಪ್ರಿಂಗಿನ ಹಾಗೆ ವಾಪಸ್ ಬಂದು ಟರ್ಮಿನಲ್ ಮುಟ್ಟುತ್ತದೆ. ಅದಕ್ಕೆ ಮಗಳ ಹಳೇ ಸಾಕ್ಸ್ ಒಂದನ್ನು ಕ್ಲಾಂಪಿಗೆ ತೊಡಿಸುತ್ತೇನೆ. ಬಾನೆಟ್ ಒಳಗೆ ಗುಲಾಬಿ ಸಾಕ್ಸ್ ನೋಡಿ ಪಕ್ಕದ ಮನೆಯವರು ಏನಂದುಕೊಂಡಿದ್ದಾರೋ, ಇದುವರೆಗೆ ಕೇಳಿಲ್ಲ.

ಬೆಳಿಗ್ಗೆ ಇದೆಲ್ಲ ಉಲ್ಟಾ. ಸಾಕ್ಸ್ ತೆಗೆದು ಕ್ಲಾಂಪ್ ಕೂರಿಸಿದ ತಕ್ಷಣ ಸಣ್ಣ ಕಿಡಿ. ಗಡಿಯಾರ 12:00. ಇಂಜಿನ್ ಸ್ವಲ್ಪ ಹೊತ್ತು ನಡುಗುತ್ತದೆ, ಐಡ್ಲಿಂಗ್ (ಗಾಡಿ ನಿಂತಲ್ಲೇ ಇಂಜಿನ್ ಓಡುವುದು) ಹೇಗಿರಬೇಕು ಅಂತ ಕಂಪ್ಯೂಟರ್ ಮತ್ತೆ ಕಲಿಯಬೇಕಲ್ಲ. ಡ್ರೈವರ್ ಕಡೆ ಗ್ಲಾಸಿನ ಆಟೋ ಮರೆತುಹೋಗಿರುತ್ತದೆ, ಸ್ವಿಚ್ ಒತ್ತಿ ಹಿಡಿದು ಕಲಿಸಬೇಕು. ರೇಡಿಯೊದಲ್ಲಿ ಹಾಸನ ಆಕಾಶವಾಣಿಯನ್ನು ಮತ್ತೆ ಹುಡುಕಬೇಕು. "ನಿಮ್ಮ ಕಾರು ಮಲ್ಗಲ್ಲ ಅಂತೀರಲ್ಲ, ಒಂದು ಜೋಗುಳ ಹಾಡಿ ಬನ್ನಿ," ಅಂತಾಳೆ ಹೆಂಡತಿ.

ಅವಳು ತಮಾಷೆಗೆ ಹೇಳಿದರೂ ಕಾಯಿಲೆ ಅದೇ. ಈಗಿನ ಕಾರು ಲಾಕ್ ಮಾಡಿದ ಮೇಲೆ ಅದರೊಳಗಿನ ಎಲೆಕ್ಟ್ರಾನಿಕ್ ಮಾಡ್ಯೂಲುಗಳು ಒಂದೊಂದಾಗಿ ಸ್ಲೀಪ್ ಆಗಬೇಕು. ಎಲ್ಲ ಮಲಗಲು ಅರ್ಧ ಗಂಟೆ ಬೇಕಾಗಬಹುದು. ಆಮೇಲೆ ಬ್ಯಾಟರಿಯಿಂದ ಎಳೆಯುವ ಕರೆಂಟ್ 50 ಮಿಲಿ ಆಂಪಿಯರ್ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ನನ್ನ ಗಾಡಿ ಕೆಲವು ರಾತ್ರಿ ಸರಿಯಾಗಿಯೇ ಮಲಗುತ್ತದೆ. ಕೆಲವು ರಾತ್ರಿ ಮೀಟರ್ ಅರ್ಧ ಆಂಪಿಯರ್ ಹತ್ತಿರ ನಿಂತುಬಿಡುತ್ತದೆ. ಲೆಕ್ಕ ಹಾಕಿ ನೋಡಿ. ದಿನಕ್ಕೆ 12 ಆಂಪಿಯರ್ ಅವರ್. ಬ್ಯಾಟರಿ ಇರುವುದೇ 45. ಎರಡು ದಿನಕ್ಕೆ ಅರ್ಧಕ್ಕಿಂತ ಜಾಸ್ತಿ ಹೋಯಿತು.

ನಮ್ಮ ಎಲೆಕ್ಟ್ರಿಷಿಯನ್ ಮೀಟರನ್ನು ನೆಗೆಟಿವ್ ವೈರಿನ ಸಾಲಿನಲ್ಲೇ ಕೂರಿಸಿ ಒಂದೊಂದೇ ಫ್ಯೂಸ್ ಕಿತ್ತು ನೋಡಿದರು. ಒಂದು ಫ್ಯೂಸ್ ತೆಗೆದಾಗ ಕರೆಂಟ್ ಇಳಿಯಿತು. ಆದರೆ ಸೆಂಟ್ರಲ್ ಲಾಕ್, ಒಳಗಿನ ಲೈಟ್, ಗ್ಲಾಸ್ ಎಲ್ಲ ಆ ಫ್ಯೂಸಿನ ಮೇಲೇ ಇವೆ. ಅದನ್ನು ಕಿತ್ತಿಟ್ಟು ಓಡಾಡಲು ಆಗುವುದಿಲ್ಲ. ಆಂಪ್ಲಿಫೈಯರ್ ತೆಗೆಸಿದ್ದಾಯಿತು, ಸೀಳಿದ ವೈರುಗಳನ್ನು ಬೆಸುಗೆ ಹಾಕಿಸಿದ್ದಾಯಿತು, ಅರ್ತಿಂಗ್ ಪಟ್ಟಿ ಹೊಸದಾಯಿತು. ಒಂದು ತಿಂಗಳು ಸುಮ್ಮನಿತ್ತು. ಆಮೇಲೆ ಮತ್ತೆ ಶುರು. ಇನ್ನು ಉಳಿದಿರುವುದು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಹಾರ್ನೆಸ್, ಅಂದರೆ ವೈರುಗಳ ಇಡೀ ಕಟ್ಟು, ಬದಲಿಸುವುದು. ಅದರ ಎಸ್ಟಿಮೇಟ್ ನೋಡಿದ ದಿನವೇ ಗಾಡಿ ಮಾರಬೇಕು ಅಂತ ತೀರ್ಮಾನ ಮಾಡಿದೆ. ತಿಂಗಳ ಸಂಬಳ ನಂಬಿಕೊಂಡವರ ಆಟ ಅಲ್ಲ ಅದು.

ಎರಡನೇ ಕಾಯಿಲೆ ಇಂಜಿನ್ನಿನದು. ಕಾಲಿಟ್ಟು ಒತ್ತಿದಾಗ, 3,000 ಆರ್‌ಪಿಎಂ ಆಸುಪಾಸಿನಲ್ಲಿ, ಒಮ್ಮೊಮ್ಮೆ ಯಾರೋ ಹಿಂದಿನಿಂದ ಎಳೆದ ಹಾಗಾಗುತ್ತದೆ. ಇಂಜಿನ್ ಲೈಟ್ ಹತ್ತಿಕೊಳ್ಳುತ್ತದೆ. ಗಾಡಿ ಲಿಂಪ್ ಮೋಡಿಗೆ ಹೋಗುತ್ತದೆ, ಅಂದರೆ ಇಂಜಿನ್ ಕೆಡದಿರಲಿ ಅಂತ ಕಂಪ್ಯೂಟರೇ ಶಕ್ತಿ ಇಳಿಸುತ್ತದೆ. ಬದಿಗೆ ನಿಲ್ಲಿಸಿ ಆಫ್ ಮಾಡಿ ಆನ್ ಮಾಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡುತ್ತದೆ. ಸ್ಕ್ಯಾನರ್ ಹಾಕಿದರೆ ಬರುವ ಕೋಡ್ ಪಿ0299. ಅಂದರೆ ಟರ್ಬೊ ಕೊಡಬೇಕಾದಷ್ಟು ಗಾಳಿಯ ಒತ್ತಡ ಕೊಡುತ್ತಿಲ್ಲ. ಪೈಪ್ ಸೀಳಿರಬಹುದು, ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಟರ್ಬೊಗೆ ಹೋಗದಂತೆ ಹೊರಗೆ ಬಿಡುವ ಬಾಗಿಲು) ಸರಿಯಾಗಿ ಮುಚ್ಚದಿರಬಹುದು, ಒತ್ತಡ ನಿಯಂತ್ರಿಸುವ ಸೊಲೆನಾಯ್ಡ್ (ಕರೆಂಟಿನ ವಾಲ್ವ್) ಕೈಕೊಟ್ಟಿರಬಹುದು. ನನ್ನ ಗಾಡಿಗೆ ಹೊಗೆ ಬಿಟ್ಟು ಲೀಕ್ ಟೆಸ್ಟ್ ಮಾಡಿಸಿದ್ದೇನೆ. ಒಂದು ಕ್ಲಿಪ್ಪು, ಒಂದು ಪೈಪು, ಆ ಸೊಲೆನಾಯ್ಡು ಮೂರೂ ಹೊಸವು. ಬಿಲ್ ಇದೆ. ತೊಂದರೆ ಕಡಿಮೆಯಾಗಿದೆ, ಹೋಗಿಲ್ಲ.

ಟರ್ಬೊ ನೋಡಿದವರು "ಇದು ವೈರಿಂಗ್ ಸಾರ್" ಅನ್ನುತ್ತಾರೆ. ವೈರಿಂಗ್ ನೋಡಿದವರು "ಟರ್ಬೊನೇ ಹೋಗಿದೆ ಸಾರ್" ಅನ್ನುತ್ತಾರೆ. ಇಬ್ಬರೂ ಚಹಾ ಕುಡಿಸಿಯೇ ಕಳಿಸುತ್ತಾರೆ.

ಇಷ್ಟು ಓದಿ, ಇಂಥ ಗಾಡಿ ಇಷ್ಟು ದಿನ ಯಾಕೆ ಇಟ್ಟುಕೊಂಡಿದ್ದೀಯ ಅಂತ ನೀವು ಕೇಳಬಹುದು. ಭಾನುವಾರ ಬೆಳಿಗ್ಗೆ ಹಾಸನ ಬಿಟ್ಟು ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರಕ್ಕೆ ಹೋಗುತ್ತೇನೆ. ಚಾರ್ಮಾಡಿ ಘಾಟಿ ಇಳಿದು, ಕೆಳಗೆ ಗಾಡಿ ತಿರುಗಿಸಿ, ವಾಪಸ್ ಹತ್ತುತ್ತೇನೆ. ಸುಮ್ನೆ. ಯಾವ ಕೆಲಸವೂ ಇರುವುದಿಲ್ಲ. ಅಲ್ಲಿ ಶಿರಾಡಿಯಷ್ಟು ಲಾರಿ ಕಾಟ ಇಲ್ಲ. ಎರಡನೇ ಗೇರಿನಲ್ಲಿ ತಿರುವು ಮುಗಿಸಿ ಮೂರಕ್ಕೆ ಹಾಕಿದಾಗ ಟರ್ಬೊ ಸಿಳ್ಳೆ ಸಣ್ಣಗೆ ಕೇಳಿಸುತ್ತದೆ. ಬೆನ್ನು ಸೀಟಿಗೆ ಒತ್ತಿಕೊಳ್ಳುತ್ತದೆ. ಸ್ಟೀರಿಂಗ್ ಭಾರ ಇದೆ, ಊರೊಳಗೆ ಪಾರ್ಕಿಂಗ್ ಮಾಡುವಾಗ ಅದಕ್ಕೆ ಬೈದುಕೊಂಡಿದ್ದೇನೆ. ಆದರೆ ಆ ತಿರುವುಗಳಲ್ಲಿ ಟೈರಿನ ಕೆಳಗೆ ರಸ್ತೆ ಒದ್ದೆಯೋ ಒಣಗಿದೆಯೋ ಅನ್ನುವುದು ಕೈಗೇ ಗೊತ್ತಾಗುತ್ತದೆ. ಇವತ್ತಿನ ಹೊಸ ಹ್ಯಾಚ್‌ಬ್ಯಾಕ್‌ಗಳಲ್ಲಿ ದೊಡ್ಡ ಟಚ್‌ಸ್ಕ್ರೀನ್ ಕೊಡುತ್ತಾರೆ, ಇದನ್ನು ಕೊಡುವುದಿಲ್ಲ. ಟೆಸ್ಟ್ ಡ್ರೈವ್ ಮಾಡಿಯೇ ಹೇಳುತ್ತಿದ್ದೇನೆ. ಮೇಲೆ ಬಂದು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವಾಗ ಹಾರ್ನೆಸ್ಸಿಗೆ ಸಾಲ ತೆಗೆದರೆ ಹೇಗೆ ಅಂತ ಒಂದು ಕ್ಷಣ ಅನ್ನಿಸುತ್ತದೆ. ಮನೆಗೆ ಬಂದು ಸ್ಪ್ಯಾನರ್ ಕೈಗೆತ್ತಿಕೊಂಡಾಗ ಆ ಯೋಚನೆ ಹೋಗುತ್ತದೆ.

ಮೈಲೇಜ್ ಕೇಳಬೇಡಿ. ಮೈಲೇಜ್ ಕೇಳುವವರಿಗೆ ಈ ಗಾಡಿ ಅಲ್ಲ.

ಮಾರುವ ವಿಷಯಕ್ಕೆ ಬರೋಣ. ಮೊದಲು ಬಂದ ಬ್ರೋಕರ್ ಬಹಳ ಸರಳ ಉಪಾಯ ಹೇಳಿದರು. "ಹೊಸ ಬ್ಯಾಟರಿ ಹಾಕ್ಸಿ, ಕೋಡ್ ಕ್ಲಿಯರ್ ಮಾಡ್ಸಿ, ಬೆಳಿಗ್ಗೆ ಒಂದು ರೌಂಡ್ ಓಡಿಸಿ ತೋರಿಸಿ. ಯಾರಿಗೆ ಗೊತ್ತಾಗುತ್ತೆ?" ಸ್ವಲ್ಪ ತಿಳಿದವರಿಗೆ ಗೊತ್ತಾಗುತ್ತದೆ. ಕೋಡ್ ಅಳಿಸಿದಾಗ ಕಂಪ್ಯೂಟರಿನ ಸ್ವಂತ ಪರೀಕ್ಷೆಗಳ ಫಲಿತಾಂಶವೂ ಅಳಿಸಿಹೋಗುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸರ್ ಇವೆಲ್ಲ 'ನಾಟ್ ರೆಡಿ' ಅಂತ ತೋರಿಸುತ್ತವೆ. ಅವು ಮತ್ತೆ ರೆಡಿ ಆಗಬೇಕಾದರೆ ಗಾಡಿ ಬೇರೆ ಬೇರೆ ವೇಗದಲ್ಲಿ ಸಾಕಷ್ಟು ಓಡಬೇಕು. ಹಾಗಾಗಿ ಇಂಥ ಗಾಡಿ ನೋಡಲು ಹೋಗುವವರು ಫೋನಿಗೆ ಬ್ಲೂಟೂತಿನಲ್ಲಿ ಜೋಡಿಸುವ ಸಣ್ಣ ಸ್ಕ್ಯಾನರ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಇಂಜಿನ್ ಸ್ಟಾರ್ಟ್ ಮಾಡದೆ ತಣ್ಣಗೆ ಇಟ್ಟಿರಿ ಅಂತ ಮೊದಲೇ ಫೋನ್ ಮಾಡಿ ಹೇಳಿ. ಬಾನೆಟ್ ಮುಟ್ಟಿ ನೋಡಿ. ಗಡಿಯಾರ ತಪ್ಪಾಗಿದ್ದರೆ ಬ್ಯಾಟರಿ ಯಾಕೆ ಬಿಚ್ಚಿದಿರಿ ಅಂತ ನೇರವಾಗಿ ಕೇಳಿ.

ಬ್ರೋಕರಿಗೆ ನಮಸ್ಕಾರ ಹೇಳಿದೆ. ದೊಡ್ಡ ನೀತಿವಂತ ಅಂತಲ್ಲ. ಇದು ಹಾಸನ. ಮೋಸ ಹೋದವರು ಮಾರನೇ ವಾರವೇ ಸಂತೇಲಿ ಎದುರು ಸಿಗುತ್ತಾರೆ.

ತೊಂದರೆ ಎಲ್ಲ ಬರೆದೇ ಜಾಹೀರಾತು ಹಾಕಿದೆ. ಫೋನ್ ಕಡಿಮೆ ಬಂದವು, ಬಂದವರು ಮಾತ್ರ ಗಟ್ಟಿ ಗಿರಾಕಿಗಳು. ಕಾಸರಗೋಡಿನಿಂದ ಇಬ್ಬರು ಹುಡುಗರು ಸ್ವಂತ ಮಲ್ಟಿಮೀಟರ್ ಸಮೇತ ಬಂದರು. ಅರ್ಧ ದಿನ ಬಾನೆಟ್ ಒಳಗೇ ಇದ್ದರು. ಗಾಡಿ ಇಷ್ಟವಾಯಿತು. ಆದರೆ ಕೇರಳಕ್ಕೆ ಹೋದರೆ ಫಾರ್ಮ್ 28ರಲ್ಲಿ ಎನ್ಒಸಿ ಬೇಕು, ಅಲ್ಲಿನ ಟ್ಯಾಕ್ಸ್ ಕಟ್ಟಬೇಕು. ಆ ಲೆಕ್ಕ ಹಾಕಿದ ಮೇಲೆ ಅವರು ಹೇಳಿದ ರೇಟಿಗೆ ನನಗೆ ನಗು ಬಂತು. ಅವರೂ ನಕ್ಕರು. ಊಟ ಮಾಡಿ ಹೋದರು.

ಕಾಗದಪತ್ರದಲ್ಲಿ ಮಾತ್ರ ನಾನು ಹಠಮಾರಿ. ಸಹಿ ಹಾಕಿದ ಖಾಲಿ ಫಾರ್ಮ್ ಇಸ್ಕೊಂಡು, "ಆಮೇಲೆ ಮಾಡಿಸ್ಕೋತೀವಿ" ಅನ್ನುವವರನ್ನು ನಂಬುವುದಿಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಾಡಿ ಕೈಬದಲಾಗಿ ಎಷ್ಟು ಜನ ಓಡಿಸಿದ್ದರೂ ಅಷ್ಟೇ. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರಿಗೆ 30 ದಿನ ಟೈಮ್ ಇದೆ. ಹೆಸರು ಬದಲಾವಣೆಯ ಫಾರ್ಮ್ 29, 30 ಎರಡನ್ನೂ ಎದುರಿಗೇ ತುಂಬಿಸಿ ಕೊಡುತ್ತೇನೆ. ಇನ್ಶೂರೆನ್ಸ್ ಕೂಡ 14 ದಿನದಲ್ಲಿ ಹೆಸರು ಬದಲಾಗಬೇಕು. ಇನ್ನೊಂದು, ಎಲ್ಲರೂ ಮರೆಯುವುದು: ಫಾಸ್ಟ್ಯಾಗ್. ಗಾಡಿ ಕೊಡುವ ದಿನವೇ ಅದನ್ನು ಬಂದ್ ಮಾಡಿಸಿ. ನನ್ನ ಸ್ನೇಹಿತರೊಬ್ಬರು ಮಾರಿದ ಕಾರು ಟೋಲ್ ದಾಟಿದಾಗಲೆಲ್ಲ ಇವರ ಫೋನಿಗೆ ಮೆಸೇಜ್ ಬರುತ್ತಿತ್ತು. ದುಡ್ಡೂ ಇವರದೇ ಹೋಗುತ್ತಿತ್ತು.

ನನ್ನ ರೇಟು 2 ಲಕ್ಷ 60 ಸಾವಿರ. ಇದೇ ವರ್ಷದ ಚೆನ್ನಾಗಿರುವ ಗಾಡಿಗೆ ಸುತ್ತಮುತ್ತ ಕೇಳುತ್ತಿರುವ ಬೆಲೆಯಲ್ಲಿ ಟರ್ಬೊ ಮತ್ತು ಹಾರ್ನೆಸ್ ಎಸ್ಟಿಮೇಟನ್ನು ಪೂರ್ತಿ ಕಳೆದೇ ಇದನ್ನು ಹೇಳುತ್ತಿದ್ದೇನೆ. ಹಾಗಾಗಿ ಅದೇ ಎರಡು ತೊಂದರೆ ತೋರಿಸಿ ಮತ್ತೆ ಚೌಕಾಸಿ ಮಾಡಬೇಡಿ. ಹಿಂದಿನ ಬಂಪರ್ ಗೀರು ತೋರಿಸಿ ಕೇಳಿದರೆ ಸ್ವಲ್ಪ ಬಿಡುತ್ತೇನೆ. ಮನೆಯಲ್ಲಿ ಇದೊಂದೇ ಗಾಡಿ ಇರುವವರು ದಯವಿಟ್ಟು ಬರಬೇಡಿ, ಬೆಳಿಗ್ಗೆ ಮಕ್ಕಳನ್ನು ಸ್ಕೂಲಿಗೆ ಬಿಡುವವರಂತೂ ಬೇಡವೇ ಬೇಡ. ವೈರಿಂಗ್ ಗೊತ್ತಿರುವವರು, ಸ್ವಂತ ಗ್ಯಾರೇಜ್ ಇರುವವರು, ಟೈಮ್ ಇರುವವರು ಬನ್ನಿ. ಎರಡು ಕೀ, ಎಲ್ಲ ಬಿಲ್ಲು, ಎಲೆಕ್ಟ್ರಿಷಿಯನ್ ಫ್ಯೂಸ್ ಹೆಸರು ಬರೆದುಕೊಟ್ಟ ಚೀಟಿ ಎಲ್ಲ ಕೊಡುತ್ತೇನೆ. ಟೆಸ್ಟ್ ಡ್ರೈವಿಗೆ ಲೈಸೆನ್ಸ್ ತನ್ನಿ, ಪೆಟ್ರೋಲ್ ನಿಮ್ಮದು.