ಟಿ2 ಲ್ಯಾಬೊರೇಟರೀಸ್ ತನಿಖಾ ವರದಿ: ಕೇಸ್ ಸ್ಟಡಿ ಅಸೈನ್‌ಮೆಂಟ್‌ಗೆ ಎಷ್ಟು ಒದಗುತ್ತದೆ?

ಕೆಮಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೇಸ್ ಸ್ಟಡಿ ಕೊಡುವವರಿಗೆ ರಾಸಾಯನಿಕ ಅವಘಡಗಳನ್ನು ತನಿಖೆ ಮಾಡುವ ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್, ಟಿ2 ಲ್ಯಾಬೊರೇಟರೀಸ್ ಕಂಪನಿಯಲ್ಲಾದ ಸ್ಫೋಟದ ಬಗ್ಗೆ 2009ರಲ್ಲಿ ಹೊರತಂದ ವರದಿ ಅಪರೂಪದ ಸಾಮಗ್ರಿ. ಪಿಡಿಎಫ್ ಉಚಿತ, ಜೊತೆಗೊಂದು ಅನಿಮೇಷನ್ ವಿಡಿಯೊ. ಆದರೆ ಎರಡನ್ನೂ ಮೊದಲ ದಿನವೇ ಕೈಗಿತ್ತರೆ ಅಸೈನ್‌ಮೆಂಟ್ ಅಲ್ಲಿಗೇ ಮುಗಿದಂತೆ.

ಘಟನೆ ನಡೆದದ್ದು 2007ರ ಡಿಸೆಂಬರ್ 19ರಂದು, ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ. ಪೆಟ್ರೋಲಿಗೆ ಬೆರೆಸುವ ಎಂಸಿಎಂಟಿ ಎಂಬ ರಾಸಾಯನಿಕದ 175ನೇ ಬ್ಯಾಚ್ ಓಡುತ್ತಿತ್ತು. ಮಧ್ಯಾಹ್ನ 1:23ಕ್ಕೆ ಕೂಲಿಂಗ್ ಕೈಕೊಟ್ಟಿದೆ ಎಂದು ಆಪರೇಟರ್ ಮಾಲೀಕರಿಗೆ ತಿಳಿಸಿದರು. 1:33ಕ್ಕೆ ರಿಯಾಕ್ಟರ್ ಸಿಡಿದು ನಾಲ್ವರು ಸತ್ತರು. ಮಾಲೀಕರಲ್ಲಿ ಒಬ್ಬರು ಕೆಮಿಸ್ಟ್, ಇನ್ನೊಬ್ಬರು ಕೆಮಿಕಲ್ ಎಂಜಿನಿಯರ್. ಓದಿದವರ ಕಣ್ಣಿಗೇ ಅಪಾಯ ಬೀಳಲಿಲ್ಲ ಎಂಬುದನ್ನು ವರದಿ ಗಂಭೀರವಾಗಿ ತೆಗೆದುಕೊಂಡು, ರಿಯಾಕ್ಟಿವ್ ಅಪಾಯಗಳ (ರಾಸಾಯನಿಕ ಕ್ರಿಯೆ ಹತೋಟಿ ತಪ್ಪುವ ಅಪಾಯಗಳ) ಪಾಠ ಪದವಿಯಲ್ಲೇ ಸಿಗಬೇಕೆಂದು ಶಿಫಾರಸು ಮಾಡಿತು.

ಈ ಪ್ರಕರಣದ ಸತ್ವ ಇರುವುದು ಉಷ್ಣತೆಯ ಅಂಕಿಗಳಲ್ಲಿ. ಎಂಸಿಎಂಟಿಯ ಕಚ್ಚಾವಸ್ತುಗಳಲ್ಲೊಂದಾದ ಸೋಡಿಯಂ ಕರಗುವುದು ಸುಮಾರು 98 ಡಿಗ್ರಿ ಸೆಲ್ಸಿಯಸ್‌ನಲ್ಲಿ. 149ಕ್ಕೆ ಹೀಟಿಂಗ್ ನಿಲ್ಲಿಸುತ್ತಿದ್ದರು. ಆಮೇಲೆ ಕ್ರಿಯೆ ತನ್ನ ಶಾಖದಿಂದಲೇ ಏರುತ್ತದೆ. 182ಕ್ಕೆ ರಿಯಾಕ್ಟರ್ ಸುತ್ತಲಿನ ಹೊರಕವಚಕ್ಕೆ, ಅಂದರೆ ಜಾಕೆಟ್‌ಗೆ, ತಂಪಾಗಿಸಲು ನೀರು ಬಿಡುತ್ತಿದ್ದರು. ಸೋಡಿಯಂ ಮತ್ತು ದ್ರಾವಕ ಡೈಗ್ಲೈಮ್ ನಡುವಿನ ಎರಡನೇ, ಇನ್ನೂ ಉಗ್ರವಾದ ಕ್ರಿಯೆ ಶುರುವಾಗುವುದು ಸುಮಾರು 199ಕ್ಕೆ. ಅಂದರೆ ಉಳಿದ ಅಂತರ ಬರೀ 17 ಡಿಗ್ರಿ!  ವಿದ್ಯಾರ್ಥಿಗಳೇ ಈ ಅಂಕಿಗಳನ್ನು ಒಂದೇ ಗೆರೆಯ ಮೇಲೆ ಗುರುತು ಹಾಕಲಿ. ಆಗ ಆ ಅಂತರ ಅವರಿಗೇ ಕಾಣುತ್ತದೆ.

42ನೇ ಬ್ಯಾಚ್‌ನಿಂದ ಪ್ರಮಾಣವನ್ನು ಮೂರನೇ ಒಂದು ಭಾಗದಷ್ಟು ಹೆಚ್ಚಿಸಿದ್ದರು. ಹುಟ್ಟುವ ಶಾಖ ಏರಿತು, ಜಾಕೆಟ್ ಮಾತ್ರ ಅದೇ, ಬದಲಿ ನೀರಿನ ವ್ಯವಸ್ಥೆಯೂ ಇರಲಿಲ್ಲ. ಒತ್ತಡ ಮಿತಿಮೀರಿದಾಗ ಹರಿದು ಅದನ್ನು ಹೊರಬಿಡುವ ರಪ್ಚರ್ ಡಿಸ್ಕ್ ಹರಿಯಬೇಕಿದ್ದದ್ದು 400 ಪಿಎಸ್‌ಐಗೆ, ಸುಮಾರು 27.6 ಬಾರ್. ಅದನ್ನು 75 ಪಿಎಸ್‌ಐಗೆ ಹೊಂದಿಸಿದ್ದರೆ ಮೊದಲ ಕ್ರಿಯೆಯ ಹಂತದಲ್ಲೇ ಒತ್ತಡ ಹೊರಹೋಗಿ ಸ್ಫೋಟ ತಪ್ಪಬಹುದಿತ್ತು ಎಂಬುದು ತನಿಖೆಯ ಅಂದಾಜು. ಬೇಗ ಹರಿಯುವ ಡಿಸ್ಕ್ ಏಕೆ ಕಾಪಾಡುತ್ತದೆ? ದ್ರವ ಕುದಿದು ಆವಿಯಾಗುವಾಗ ಶಾಖವನ್ನೂ ಒಯ್ಯುತ್ತದೆ. ಈ ಉತ್ತರ ಬರೆದ ವಿದ್ಯಾರ್ಥಿಗೆ ಥರ್ಮೋಡೈನಮಿಕ್ಸ್ ದಕ್ಕಿದೆ ಎಂದೇ ಅರ್ಥ.

ಕೊಡುವ ಕ್ರಮ ಹೀಗಿರಲಿ. ಮೊದಲು 1:23ರವರೆಗಿನ ಸಂಗತಿಗಳನ್ನಷ್ಟೇ ಒಂದು ಪುಟದಲ್ಲಿ ಕೊಟ್ಟು, ಕಂಪನಿಯ ಹೆಸರು ಮುಚ್ಚಿಡಿ. ನಾಲ್ಕು ಜನರ ಗುಂಪು ಉಷ್ಣತೆಯ ಗೆರೆ, ಶಾಖದ ಲೆಕ್ಕ, ಕೈಕೊಡಬಹುದಾದ ಬಿಡಿಭಾಗಗಳ ಪಟ್ಟಿ, ಈ ಮೂರನ್ನು ಒಪ್ಪಿಸಲಿ. ವರದಿ ಆಮೇಲೆ, ವಿಡಿಯೊ ಕಟ್ಟಕಡೆಗೆ. "ನಿರ್ಲಕ್ಷ್ಯವೇ ಕಾರಣ", "ತರಬೇತಿ ಸಾಲದು" ಎಂಬ ಉತ್ತರಗಳಿಗೆ ಅಂಕ ಬೇಡ. ಯಾವ ವಾಲ್ವ್, ಯಾವ ಡಿಗ್ರಿ ಎಂದು ಹೇಳಿದವರಿಗೆ ಕೊಡಿ. ಕೂಲಿಂಗ್ ನಿಖರವಾಗಿ ಏಕೆ ಕೈಕೊಟ್ಟಿತು ಎಂಬುದನ್ನು ತನಿಖೆಯೂ ಖಚಿತಪಡಿಸಲಾಗಲಿಲ್ಲ. ಹಾಗಾಗಿ ಈ ಭಾಗದಲ್ಲಿ ನಕಲು ಮಾಡಲು ಸಿದ್ಧ ಉತ್ತರವಿಲ್ಲ, ಇದು ದೊಡ್ಡ ಅನುಕೂಲ.

ಕೊರತೆಗಳೂ ಇವೆ. ನಿಯಮಗಳೆಲ್ಲ ಅಮೆರಿಕದವು, ನಮ್ಮ ಕಾರ್ಖಾನೆ ನಿಯಮಗಳ ಜೊತೆ ಹೋಲಿಸುವ ಕೆಲಸ ಅಧ್ಯಾಪಕರದು. ಕ್ರಿಯೆಯ ಶಾಖ ಅಳೆಯುವ ಕ್ಯಾಲೊರಿಮೀಟರ್ ಪರೀಕ್ಷೆಯ ಭಾಗ ಮೂರನೇ ಸೆಮಿಸ್ಟರಿನವರಿಗೆ ಭಾರ. ರಿಯಾಕ್ಷನ್ ಎಂಜಿನಿಯರಿಂಗ್ ಮುಗಿದ ಮೇಲೆ ಕೊಟ್ಟರೆ ಸರಿಹೋಗುತ್ತದೆ. ಬೀದರ್‌ನ ಕೊಳಾರ, ಯಾದಗಿರಿಯ ಕಡೇಚೂರು ಕಡೆಯ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುವವರು ಬ್ಯಾಚ್ ರಿಯಾಕ್ಟರ್ ಮುಟ್ಟುವ ಮುನ್ನ ಇದನ್ನೊಮ್ಮೆ ಮಾಡಿರಲೇಬೇಕು. ಪೂರ್ತಿ ಅಸೈನ್‌ಮೆಂಟ್‌ಗೆ ಎರಡು ವಾರ ಬೇಕು. ಒಂದೇ ತರಗತಿ ಸಿಗುವುದಾದರೆ ಉಷ್ಣತೆಯ ಗೆರೆಯೊಂದನ್ನೇ ಮಾಡಿಸಿ.