ಶಿನೊ ಗ್ಲೇಜ್‌ಗೆ ಪುಡಿ ತರಿಸುವವರೇ, ಚೀಲದ ಚೀಟಿಯನ್ನು ನಂಬಬೇಡಿ

ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಬರೆಯುತ್ತಿದ್ದೇನೆ, ಇನ್ನೊಬ್ಬರು ಹೀಗೆ ಮೋಸ ಹೋಗಬಾರದು.

ಮಡಿಕೇರಿಯಲ್ಲಿ ನನ್ನದೊಂದು ಚಿಕ್ಕ ಗ್ಯಾಸ್ ಆವಿಗೆ ಇದೆ. ಮಳೆಗಾಲದ ಆರಂಭದಲ್ಲಿ ಹೋಂಸ್ಟೇ ನಡೆಸುವವರೊಬ್ಬರು ನಲವತ್ತು ಕಾಫಿ ಲೋಟ ಕೇಳಿದರು. ಶಿನೊ ಎಂಬ ಗ್ಲೇಜ್, ಅಂದರೆ ಸುಟ್ಟಾಗ ಕರಗಿ ಗಾಜಿನಂತಾಗುವ ಲೇಪ, ಹಚ್ಚಿಕೊಡುತ್ತೇನೆಂದು ಉತ್ಸಾಹದಿಂದ ಒಪ್ಪಿಕೊಂಡೆ. ಜಪಾನಿನ ಮಿನೊ ಸೀಮೆಯ ಕುಂಬಾರರು 16ನೇ ಶತಮಾನದಲ್ಲಿ ಫೆಲ್ಡ್‌ಸ್ಪಾರ್ ಎಂಬ ಖನಿಜದಿಂದಲೇ ತೆಗೆದ ಆ ದಪ್ಪ ಹಾಲುಬಿಳುಪು ನನ್ನ ಬಹುದಿನದ ಆಸೆ. ನನ್ನ ಅಳತೆ 75 ಭಾಗ ನೆಫೆಲೀನ್ ಸಯನೈಟ್ (ಆವಿಗೆಯ ಶಾಖಕ್ಕೆ ಕರಗುವ ಕಲ್ಲಿನ ಬಿಳಿ ಪುಡಿ), 20 ಭಾಗ ಬಾಲ್ ಕ್ಲೇ (ನಯವಾದ ಜೇಡಿಮಣ್ಣು), 5 ಭಾಗ ಸೋಡಾ ಆಶ್ (ಗ್ಲೇಜ್ ಬೇಗ ಕರಗಿಸುವ ಸೋಡಾ ಪುಡಿ). ನೆಫೆಲೀನ್ ಸುಲಭವಾಗಿ ಸಿಗುವುದಿಲ್ಲ. ಬೆಂಗಳೂರಿನ ಒಬ್ಬ ವ್ಯಾಪಾರಿ ಇದೆ ಎಂದರು. ಹಣ ಮುಂಗಡ ಕೊಟ್ಟೆ, ಇಪ್ಪತ್ತು ಕೆ.ಜಿ. ಚೀಲ ಬಸ್ಸಿನಲ್ಲಿ ಬಂತು.

ಗ್ಲೇಜ್ ಕರಗುವ ಮೊದಲೇ, 900 ಡಿಗ್ರಿಯ ಆಸುಪಾಸಿನಲ್ಲಿ, ಗಾಳಿ ತಗ್ಗಿಸಿ ಹೊಗೆ ಹಿಡಿಸಿದೆ. 1280ರವರೆಗೆ ಏರಿಸಿದೆ. ಮರುದಿನ ಬಾಗಿಲು ತೆಗೆದರೆ ಲೋಟಗಳ ಮೇಲೆ ಹೊಳಪೇ ಇಲ್ಲ. ಗೋಡೆಗೆ ಬಳಿದ ಸುಣ್ಣದ ಹಾಗೆ ಬೆರಳಿಗೆ ಉದುರಿ ಬಂತು.

ವ್ಯಾಪಾರಿಗೆ ಫೋನ್ ಮಾಡಿದೆ. ‘ನಿಮ್ಮ ಕೊಡಗಿನ ಮಳೆ ಮೇಡಂ, ಸೋಡಾ ತೇವ ಹಿಡಿದಿರುತ್ತದೆ’ ಎಂದರು. ನಂಬಿದೆ! ಸೋಡಾ ಆಶ್ ತೇವ ಎಳೆಯುವುದು ನಿಜ, ತೇವ ಹಿಡಿದರೆ ತೂಕ ತಪ್ಪುವುದೂ ನಿಜ. ಹಾಗಾಗಿ ತಪ್ಪು ನನ್ನದೇ ಎಂದುಕೊಂಡು ಸೋಡಾ ಹುರಿದು ಒಣಗಿಸಿ ಮತ್ತೆ ಸುಟ್ಟೆ. ಅದೇ ಸುಣ್ಣ. ‘ದಪ್ಪ ಹಚ್ಚಿದ್ದೀರಿ’ ಎಂದರು. ತೆಳ್ಳಗೆ ಹಚ್ಚಿ ಮೂರನೆಯ ಸಲ ಸುಟ್ಟೆ. ಅದೇ ಸುಣ್ಣ! ಐದು ಸಿಲಿಂಡರ್ ಖಾಲಿಯಾದವು.

ಒಂದು ಸಂಜೆ ಚೀಲ ಸರಿಸುವಾಗ ಚೀಟಿಯ ಮೂಲೆ ತೇವಕ್ಕೆ ಎದ್ದಿರುವುದು ಕಂಡಿತು. ಉಗುರಿನಿಂದ ಎಬ್ಬಿಸಿದೆ. ಕೆಳಗೆ ನೀಲಿ ಅಕ್ಷರದಲ್ಲಿ ‘ಕ್ವಾರ್ಟ್ಸ್ ಪುಡಿ, 200 ಮೆಶ್’ ಎಂದಿತ್ತು. ಮೆಶ್ ಎಂದರೆ ಜರಡಿಯ ಅಳತೆ; ಕ್ವಾರ್ಟ್ಸ್ ಎಂದರೆ ಬೆಣಚುಕಲ್ಲು, ನನ್ನ ಆವಿಗೆಯ ಶಾಖಕ್ಕೆ ಅದು ತಾನಾಗಿ ಕರಗುವುದಿಲ್ಲ. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಹದಿನೈದು ವರ್ಷ ಮಣ್ಣು ಮುಟ್ಟಿದ ಕೈ ನನ್ನದು, ಮೂರು ಸಲ ಸುಟ್ಟರೂ ಪುಡಿಯನ್ನು ಅನುಮಾನಿಸಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಫೋಟೊ ಕಳುಹಿಸಿದೆ. ಬಂದ ಉತ್ತರ: ‘ಹಳೆಯ ಚೀಲ ಮೇಡಂ, ಒಳಗಿರುವುದು ಸರಿಯಾದ ಮಾಲು.’ ಆ ಪುಡಿಯನ್ನೊಂದೇ ಸುಟ್ಟು ತೋರಿಸಿದೆ. ಕೊನೆಗೆ, ‘ಎರಡೂ ಬಿಳಿ ಕಲ್ಲಿನ ಪುಡಿಯೇ ಅಲ್ಲವೇ, ಬಿಚ್ಚಿದ ಚೀಲ ವಾಪಸ್ ಪಡೆಯುವುದಿಲ್ಲ.’ ಆಮೇಲೆ ಫೋನ್ ಎತ್ತಲಿಲ್ಲ. ಕ್ವಾರ್ಟ್ಸ್ ದೂಳು ಶ್ವಾಸಕೋಶವನ್ನೇ ತಿನ್ನುತ್ತದೆ. ಅದನ್ನು ಜರಡಿ ಹಿಡಿದದ್ದು ನನ್ನ ಜೊತೆ ಕಲಿಯುವ ಹುಡುಗಿ. ಮುಖಗವಸು ಹಾಕಿಸಿದ್ದೆ, ಸದ್ಯ.

ಹೊಸ ಚೀಲ ಬಂದಾಗ ಒಂದು ಚಮಚ ಪುಡಿಯನ್ನು ಹಳೆಯ ಬಿಲ್ಲೆಯ ಮೇಲಿಟ್ಟು ಬೇರೆ ಪಾತ್ರೆಗಳ ಜೊತೆ 1280ಕ್ಕೆ ಸುಟ್ಟು ನೋಡಿ. ನೆಫೆಲೀನ್ ಆದರೆ ಕರಗಿ ಗಾಜಾಗುತ್ತದೆ, ಕ್ವಾರ್ಟ್ಸ್ ಇಟ್ಟಂತೆಯೇ ಪುಡಿಯಾಗಿ ಉಳಿಯುತ್ತದೆ. ಪೂರ್ತಿ ಹಣ ಮುಂಗಡ ಕೊಡಬೇಡಿ. ಚೀಟಿಯ ಮೇಲೆ ಚೀಟಿ ಇದ್ದರೆ ಕಿತ್ತು ನೋಡಿ, ಸಂಕೋಚ ಬೇಡ. ನನ್ನ ಚೀಲವನ್ನು ಎಸೆದಿಲ್ಲ. ಅನುಮಾನವಿದ್ದವರು ಮಡಿಕೇರಿಗೆ ಬಂದರೆ ಎರಡೂ ಚೀಟಿಗಳನ್ನು ತೋರಿಸುತ್ತೇನೆ.